ಬೆಳಗ್ಗೆ ಮೂವತ್ತೆರಡು, ಅಂಗಡಿಯಲ್ಲಿ ಅರವತ್ತೇಳು

“ಸದ್ದೇ ಇಲ್ಲ ಅಂದಿದ್ದೆ ತಾನೇ? ಕೇಳು, ಇದನ್ನ ಸ್ವಲ್ಪ ಕೇಳು,” ಎಂದು ಅಕ್ಕ ಫೋನನ್ನು ಎಲ್ಲಿಗೋ ಒಯ್ದಳು. ಆಮೇಲೆ ನನ್ನ ಕಿವಿಗೆ ಬಂದದ್ದು ಹಿಟ್ಟಿನ ಗಿರಣಿಯ ಸದ್ದು.

“ಅಕ್ಕಾ, ಯಾವುದರ ಪಕ್ಕ ಇಟ್ಟಿದ್ದೀಯಾ ಫೋನನ್ನ? ಹೊಲಿಗೆ ಮೆಷಿನ್ನಾ?”

“ನಿನ್ನ ಕಂಪ್ಯೂಟರ್ ಕಣೇ! ಹೊಲಿಗೆ ಮೆಷಿನ್ನೇ ಇದಕ್ಕಿಂತ ಮರ್ಯಾದಸ್ಥ. ಬೆಳಗ್ಗೆಯಿಂದ ಗಿರಾಕಿಗಳು ಕೂಗಿ ಕೂಗಿ ಅಳತೆ ಹೇಳ್ತಿದ್ದಾರೆ. ಒಬ್ಬಮ್ಮ ಸೊಂಟದ ಅಳತೆ ಬೀದಿಗೆಲ್ಲ ಕೇಳೋ ಹಾಗೆ ಹೇಳ್ಬೇಕಾಯ್ತು ಅಂತ ಮುಖ ಊದಿಸ್ಕೊಂಡು ಹೋದ್ಳು.”

ಅದು ನನ್ನ ಕಂಪ್ಯೂಟರ್ ಅಲ್ಲ. ಅಕ್ಕನ ಟೈಲರಿಂಗ್ ಅಂಗಡಿಯದು. ಕಸೂತಿ ಡಿಸೈನ್ ಮಾಡುವುದಕ್ಕೆ ಅವಳಿಗೆ ಬೇಕಿತ್ತು, ಹಳೆಯದು ಕಣ್ಣು ಮುಚ್ಚಿತ್ತು, ‘ಈ ಮದರ್‌ಬೋರ್ಡ್ ತಗೋ, ಅಗ್ಗ, ಗಟ್ಟಿ, ಸದ್ದಿಲ್ಲ’ ಎಂದು ನಾನು ಮಂಗಳವಾರ ಹೇಳಿದ್ದೆ. ಅವಳು ಅವತ್ತೇ ತರಿಸಿ, ಬುಧವಾರ ಬೆಳಗ್ಗೆ ಜೋಡಣೆ ಮಾಡಿಸಿದ್ದಳು. ನಾನು ಆಫೀಸಿನಲ್ಲಿ ಪರೀಕ್ಷೆಗೆ ಬಳಸಿ ಚೀಟಿಯಲ್ಲಿ ಬರೆದುಕೊಟ್ಟದ್ದೇ ಪ್ರೊಸೆಸರ್, ಅದೇ ಫ್ಯಾನ್, ಅದೇ ಕ್ಯಾಬಿನೆಟ್. ಒಂದು ಸ್ಕ್ರೂ ಕೂಡ ಬೇರೆ ಇರಲಿಲ್ಲ. ಹಾಗಿದ್ದ ಮೇಲೆ ಈ ಗಿರಣಿ ಎಲ್ಲಿಂದ ಬಂತು?

ನನಗೆ ತಲೆಬುಡ ಅರ್ಥವಾಗಲಿಲ್ಲ. ಆ ವಾರ ಅರ್ಥವಾಗದ ವಿಷಯಗಳಲ್ಲಿ ಇದೇ ಮೊದಲನೆಯದು.

ನಾನು ಕೆಲಸ ಮಾಡುವುದು ಒಂದು ಕಂಪ್ಯೂಟರ್ ಪತ್ರಿಕೆಯಲ್ಲಿ. ತಿಂಗಳಿಗೊಂದು ಅಗ್ಗದ ಮದರ್‌ಬೋರ್ಡನ್ನು, ಅಂದರೆ ಕಂಪ್ಯೂಟರಿನ ಭಾಗಗಳೆಲ್ಲ ಬಂದು ಕೂರುವ ಆ ಹಲಗೆಯನ್ನು, ಪರೀಕ್ಷೆ ಮಾಡಿ ಒಂದು ಪುಟ ಬರೆಯುತ್ತೇವೆ. ಪುಟದ ನಡುವೆ ಒಂದು ಗೆರೆ. ಎಡಕ್ಕೆ ‘ಮನೆಗೆ’, ಬಲಕ್ಕೆ ‘ಮರುಳರಿಗೆ’. ಎಡಗಡೆ ನನ್ನದು: ಮಕ್ಕಳ ಪಾಠಕ್ಕೆ, ಅಂಗಡಿಯ ಬಿಲ್ಲಿಗೆ, ಸಿನಿಮಾ ನೋಡುವುದಕ್ಕೆ ಈ ಬೋರ್ಡು ಸಾಕೇ? ಬಲಗಡೆ ಅವನದು: ಪ್ರೊಸೆಸರಿನ ವೇಗ ಏರಿಸಿ, ಕಾಯಿಸಿ, ಹಿಂಡಿ ಹಿಪ್ಪೆ ಮಾಡಿ ಸಂತೋಷಪಡುವವರಿಗೆ ಇದು ತಡೆದೀತೇ?

ಅವನನ್ನು ಆಫೀಸಿನಲ್ಲಿ ಎಲ್ಲರೂ ಬೆಂಕಿ ಎನ್ನುತ್ತಾರೆ. ಸೇರಿದ ಮೊದಲ ವಾರವೇ ಒಂದು ಬೋರ್ಡಿನಿಂದ ಹೊಗೆ ಎಬ್ಬಿಸಿದ್ದ. ಆಸಾಮಿ ಮಾತ್ರ ಹೆಸರಿಗೆ ತದ್ವಿರುದ್ಧ. ಕುರ್ಚಿ ಎಳೆದರೆ ಸದ್ದಾಗುತ್ತದೆಂದು ಎತ್ತಿಡುವವನು. ಬಾಗಿಲಿಗೆ ಅಡ್ಡ ನಿಂತವರಿಗೆ ‘ಜರುಗಿ’ ಎನ್ನಲಾರದೆ ಅವರು ಜರುಗುವ ತನಕ ಕಾಯುವವನು.

ನಮ್ಮಿಬ್ಬರ ಮೇಜುಗಳ ನಡುವೆ ಖಾಲಿ ಡಬ್ಬಗಳ ಶೆಲ್ಫ್ ಇದೆ, ಸೂರಿನ ತನಕ. ಅದರಲ್ಲಿ ಒಂದೇ ಒಂದು ಸಂದಿ. ಎರಡು ತಿಂಗಳ ಹಿಂದೆ ಅಲ್ಲೊಂದು ಡಬ್ಬ ಇತ್ತು, ಆಮೇಲೆ ಇಲ್ಲ. ಆ ಸಂದಿಯಿಂದ ನನಗೆ ಕಾಣುವುದು ಅವನ ಒಂದು ಕಿವಿ, ಅರ್ಧ ಕನ್ನಡಕ, ಮತ್ತು ಯೋಚನೆ ಮಾಡುವಾಗ ತುಟಿಯ ಮೂಲೆಯಲ್ಲಿ ಕಚ್ಚಿಕೊಳ್ಳುವ ಪೆನ್ಸಿಲ್.

“ಇಲ್ಲಿದ್ದ ಡಬ್ಬ ಯಾರು ತೆಗೆದ್ರು, ಮೇಡಂ?” ಎಂದು ಅವನು ಒಮ್ಮೆ ಕೇಳಿದ್ದ.

“ಇಲಿ ಇರ್ಬೇಕು.”

“ಅಷ್ಟು ದೊಡ್ಡ ಡಬ್ಬ ಹೊತ್ಕೊಂಡು ಹೋಗೋ ಇಲಿನಾ?”

“ಬೋರ್ಡಲ್ಲಿ ಹೊಗೆ ಎಬ್ಬಿಸೋರು ಇರುವಾಗ, ಡಬ್ಬ ಹೊರೋ ಇಲಿ ಇರಬಾರದಾ?”

ಅವನು ನಕ್ಕಿದ್ದ. ನಗುವಾಗ ಕನ್ನಡಕ ಜಾರುತ್ತದೆ. ಎತ್ತುವ ಮೊದಲು ಒಂದು ಕ್ಷಣ ಗಾಜಿಲ್ಲದ ಕಣ್ಣು ನೇರ ನನ್ನ ಮೇಲೆ ಬೀಳುತ್ತದೆ. ಆ ಒಂದು ಕ್ಷಣಕ್ಕೆ ಹತ್ತಕ್ಕೆ ಎಷ್ಟು ಅಂಕ ಕೊಡಬೇಕೆಂದು ನನಗೆ ಇವತ್ತಿಗೂ ತೀರ್ಮಾನವಾಗಿಲ್ಲ.

ನಮಗೆ ಬರುವುದು ಒಂದೇ ಬೋರ್ಡು. ಬೆಳಗ್ಗೆ ನನ್ನ ಸರದಿ, ಮಧ್ಯಾಹ್ನದ ಮೇಲೆ ಅವನದು. ಗೋಡೆಗೆ ಅಂಟಿಸಿದ ನಿಯಮ ಇಷ್ಟೇ: ಕೈ ಬದಲಾದಾಗ ಬೋರ್ಡು ಹೊಸದಾಗಿರಬೇಕು. ಬೋರ್ಡಿನ ಮೇಲೆ ನಾಣ್ಯದಂಥ ಒಂದು ಬ್ಯಾಟರಿ ಇರುತ್ತದೆ. ಅದನ್ನು ತೆಗೆದು, ಪಕ್ಕದ ಎರಡು ಪಿನ್ನುಗಳಿಗೆ ಸ್ಕ್ರೂಡ್ರೈವರ್ ಮುಟ್ಟಿಸಿದರೆ ಅದುವರೆಗೆ ಮಾಡಿದ ಸೆಟ್ಟಿಂಗ್ ಎಲ್ಲ ಅಳಿಸಿಹೋಗುತ್ತದೆ. ಬಿಟ್ಟುಕೊಡುವವರು ಅದನ್ನು ಮಾಡಿ, ಚೀಟಿಯಲ್ಲಿ ‘ಹೊಸದಾಗಿದೆ’ ಎಂದು ಬರೆದು ಸಹಿ ಹಾಕಬೇಕು. ಇನ್ನೊಂದು ನಿಯಮವೂ ಇದೆ: ಪತ್ರಿಕೆ ಅಚ್ಚಾಗುವ ಮೊದಲು ತೀರ್ಪು ಹೊರಗೆ ಹೇಳಕೂಡದು. ಅಕ್ಕನಿಗೆ ಹೇಳಿದ್ದು ಆ ಲೆಕ್ಕದಲ್ಲಿ ತಪ್ಪೇ. ಅಕ್ಕ ‘ಹೊರಗೆ’ ಹೇಗಾಗುತ್ತಾಳೆ ಎಂದು ಸಮಾಧಾನ ಮಾಡಿಕೊಂಡಿದ್ದೆ.

ಈ ಬಾರಿಯ ಬೋರ್ಡಿಗೆ ನನ್ನ ಅರ್ಧ ಪುಟ ಆಗಲೇ ಸಿದ್ಧವಿತ್ತು. ಮೆಮೊರಿಗೆ ಎರಡೇ ಜಾಗ, ಮನೆಗೆ ಅಷ್ಟು ಸಾಕು. ಹಿಂದುಗಡೆ ಯುಎಸ್‌ಬಿ ಆರು, ಧಾರಾಳ. ವೈಫೈ ಇಲ್ಲ, ಬೇರೆ ತಗೋಬೇಕು. ಕಡೆಗೆ ಒಂದು ಸಾಲು: ‘ಆನ್ ಆಗಿದೆಯೋ ಇಲ್ಲವೋ ಎಂದು ಬಗ್ಗಿ ನೋಡಬೇಕು, ಅಷ್ಟು ಮೌನ.’ ಸದ್ದು ಅಳೆಯುವ ಮೀಟರಿನಲ್ಲಿ ಬಂದದ್ದು ಮೂವತ್ತೆರಡು ಡೆಸಿಬೆಲ್. ನಾನೇ ಅಳೆದದ್ದು, ನನ್ನ ಕಣ್ಣಾರೆ.

ಗುರುವಾರ ಬೆಳಗ್ಗೆ ಬಂದವಳೇ ಮತ್ತೆ ಅಳೆದೆ. ಮೂವತ್ತೆರಡು. ಕಿಟಕಿ ತೆರೆದು ಅಳೆದೆ, ಮುಚ್ಚಿ ಅಳೆದೆ. ದೊಡ್ಡ ಫೈಲು ಕೊಟ್ಟು ಪ್ರೊಸೆಸರನ್ನು ದುಡಿಸಿ ಅಳೆದೆ. ಬೋರ್ಡು ಬಾಯಿಗೆ ಬೀಗ ಹಾಕಿಕೊಂಡು ಕೂತಿತ್ತು.

ಊಟದ ಹೊತ್ತಿಗೆ ಮೀಟರನ್ನು ಬ್ಯಾಗಿಗೆ ಹಾಕಿಕೊಂಡು ಅಕ್ಕನ ಅಂಗಡಿಗೆ ಹೋದೆ. ಬಾಗಿಲ ಹೊರಗೇ ಸದ್ದು ಕೇಳಿಸಿತು. ಮೀಟರ್ ಹಿಡಿದೆ. ಅರವತ್ತೇಳು.

“ಗೋಡೆ ಹತ್ತಿರ ಇದೆ, ಅದಕ್ಕೇ,” ಎಂದೆ. ಜರುಗಿಸಿದೆವು. ಅರವತ್ತೇಳು.

“ಬಟ್ಟೆ ಧೂಳು ಸೇರಿರ್ಬೇಕು.”

“ಒಂದೇ ದಿನಕ್ಕಾ? ನನ್ನ ಅಂಗಡಿ ಏನು ಹತ್ತಿ ಗೋಡೌನಾ?” ಅಕ್ಕ ಬಾಯಲ್ಲಿದ್ದ ಗುಂಡುಪಿನ್ನುಗಳನ್ನು ಒಂದೊಂದಾಗಿ ತೆಗೆದು ರವಿಕೆಗೆ ಚುಚ್ಚುತ್ತಿದ್ದಳು. “ಒಂದು ಕೇಳ್ಲಾ? ನಿನ್ನ ಆ ಬೋರ್ಡನ್ನ ಡಬ್ಬದಿಂದ ನೀನೇ ತೆಗ್ದೆಯಾ?”

“ಇಲ್ಲ. ಸೋಮವಾರ ಊಟ ಆದ್ಮೇಲೆ ಬಂತು. ಅವರ ಸರದಿ ಇತ್ತು, ಅವರು ತೆಗೆದ್ರು.”

“ಅವರು ಅಂದ್ರೆ, ಆ ಸಂದಿಯವರು?”

“ಯಾವ ಸಂದಿ?”

“ದಿನಾ ಊಟಕ್ಕೆ ಕೂತಾಗ ಹೇಳ್ತೀಯಲ್ಲೇ. ಇವತ್ತು ಪೆನ್ಸಿಲ್ ಎಡಗಡೆ ಕಚ್ಚಿದ್ರು, ಇವತ್ತು ಬಲಗಡೆ ಕಚ್ಚಿದ್ರು ಅಂತ.” ಅಕ್ಕ ತಲೆಯೆತ್ತಲಿಲ್ಲ. “ಬೇರೆಯವರು ಕತ್ತರಿಸಿಟ್ಟ ಬಟ್ಟೆ ನನ್ನ ಕೈಗೆ ಬಂದ್ರೆ, ನಾನು ಮೊದಲು ಟೇಪ್ ಹಿಡೀತೀನಿ. ಎಷ್ಟೇ ಒಳ್ಳೇವ್ರು ಕತ್ತರಿಸಿರ್ಲಿ.”

ಆಫೀಸಿಗೆ ಮರಳಿದಾಗ ಅವನು ಮಧ್ಯಾಹ್ನದ ಸರದಿಯಲ್ಲಿದ್ದ. ಸಂದಿಯಿಂದ ಕೇಳಿದೆ:

“ನಿಮ್ಮ ಹೊತ್ತಲ್ಲಿ ಈ ಬೋರ್ಡ್ ಸದ್ದು ಮಾಡುತ್ತಾ?”

ಪೆನ್ಸಿಲ್ ನಿಂತಿತು. “ಮರುಳರಿಗೆ ಸದ್ದಿನ ಚಿಂತೆ ಇಲ್ಲ, ಮೇಡಂ.”

“ನಾನು ಕೇಳಿದ್ದು ಚಿಂತೆ ಅಲ್ಲ. ಸದ್ದು.”

“ಸ್ವಲ್ಪ.” ಅರ್ಧ ಕನ್ನಡಕ ಮೇಜಿನ ಕಡೆ ತಿರುಗಿತು. “ಕರೆಂಟ್ ಹಂಚೋ ಭಾಗಕ್ಕೆ ಇವರು ಬಿಸಿ ಹೀರೋ ಹೀಟ್‌ಸಿಂಕ್ ಹಾಕಿಲ್ಲ. ವೇಗ ಏರಿಸಿದ್ರೆ ತೊಂಬತ್ತು ಡಿಗ್ರಿ ದಾಟುತ್ತೆ. ಮರುಳರು ಈ ಬೋರ್ಡಿಂದ ದೂರ ಇರೋದೇ ಒಳ್ಳೇದು ಅಂತ ಬರೀತಿದ್ದೀನಿ.”

ಪ್ರಶ್ನೆ ಒಂದು, ಉತ್ತರ ಇನ್ನೊಂದು. ಅವನ ಕಿವಿ ಕೆಂಪಾಗಿತ್ತು. ಕಿವಿ ಕೆಂಪಾಗುವುದು ಸುಳ್ಳಿಗೋ, ಬೋರ್ಡಿನ ಬಿಸಿಗೋ, ನಾನು ನೋಡುತ್ತಿದ್ದೇನೆಂಬುದಕ್ಕೋ? ನನಗೆ ಮೂರೂ ಸರಿ ಅನ್ನಿಸಿತು. ಮೂರೂ ತಪ್ಪು ಅಂತಲೂ ಅನ್ನಿಸಿತು.

ಸಂಪಾದಕರಿಗೆ ಹೇಳದೆ ವಿಧಿಯಿರಲಿಲ್ಲ. ಅಕ್ಕನಿಗೆ ಮೊದಲೇ ಹೇಳಿದ ತಪ್ಪನ್ನೂ ಒಪ್ಪಿಕೊಂಡೆ. ಇನ್ನೂ ಕೈಯಲ್ಲೇ ಬರೆಯುವ ಮನುಷ್ಯ ಅವರು. ಪೆನ್ನಿಗೆ ಕ್ಯಾಪ್ ಹಾಕಿ ನನ್ನನ್ನು ನೋಡಿದರು.

“ಒಂದೇ ಬೋರ್ಡು, ಎರಡು ನಂಬರು. ನಾಳೆ ಹನ್ನೆರಡಕ್ಕೆ ಪುಟ ಅಚ್ಚಿಗೆ ಹೋಗ್ಬೇಕು. ಯಾವ ನಂಬರ್ ಹಾಕ್ಲಮ್ಮಾ?”

“ಗೊತ್ತಿಲ್ಲ ಸರ್.”

“ಗೊತ್ತು ಮಾಡ್ಕೋ. ಇಬ್ಬರು ನೋಡಿದ್ರೆ ನಿಜ ಗಟ್ಟಿಯಾಗುತ್ತೆ ಅಂತ ಈ ಪುಟ ಶುರು ಮಾಡಿದ್ದು. ಇಬ್ಬರು ಸೇರಿ ಗೋಜಲು ಮಾಡೋದಾದ್ರೆ ಒಬ್ಬರೇ ಸಾಕು. ಇನ್ನೊಬ್ಬರನ್ನ ಕೆಳಗೆ ಪ್ರಿಂಟರ್ ವಿಭಾಗಕ್ಕೆ ಕಳಿಸ್ತೀನಿ.”

ಕೆಳಗೆ ಎಂದರೆ ಎರಡು ಮಹಡಿ ಕೆಳಗೆ. ಅಲ್ಲಿಗೆ ಯಾವ ಸಂದಿಯೂ ಹೋಗುವುದಿಲ್ಲ. ಹೋಗುವುದು ನಾನಾದರೂ ಅವನಾದರೂ ಒಂದೇ ಎಂದು ಹೊಳೆದಾಗ, ನಾನು ಇಷ್ಟು ದಿನ ಕಾಯುತ್ತಿದ್ದದ್ದು ಪುಟವನ್ನಲ್ಲ ಎಂಬುದೂ ಹೊಳೆಯಿತು. ಹೊಳೆದದ್ದೇ ಹೊಸ ಗೊಂದಲವಾಯಿತು.

ಶುಕ್ರವಾರ ಒಂಬತ್ತಕ್ಕೇ ಆಫೀಸಿಗೆ ಬಂದೆ. ಬೋರ್ಡಿನ ಮೇಲೆ ಚೀಟಿ ಇತ್ತು: ‘ಹೊಸದಾಗಿದೆ’, ಕೆಳಗೆ ಅವನ ಸಹಿ. ಎಂದಿನಂತೆ ಸ್ವಿಚ್ ಒತ್ತಲು ಹೋದ ಕೈ ನಿಂತಿತು. ಅಕ್ಕನ ಟೇಪ್ ನೆನಪಾಯಿತು. ಸಹಿಯ ಮೇಲೆ ಕೈಯಿಟ್ಟ ಹಾಗೆ ಅಳುಕುತ್ತಲೇ ಬ್ಯಾಟರಿ ತೆಗೆದೆ, ಪಿನ್ನುಗಳಿಗೆ ಸ್ಕ್ರೂಡ್ರೈವರ್ ಮುಟ್ಟಿಸಿದೆ, ಬ್ಯಾಟರಿ ಮತ್ತೆ ಕೂರಿಸಿ ಆನ್ ಮಾಡಿದೆ.

ಗಿರಣಿ ಶುರುವಾಯಿತು. ಮೀಟರ್ ನೋಡಿದೆ. ಅರವತ್ತೇಳು.

ಹಣೆಯ ಎಡಬದಿಯಲ್ಲಿ ನೋವು ಮಿಡಿಯತೊಡಗಿತು. ಎಂದಿನ ಅರೆತಲೆನೋವು. ಕೈಯಲ್ಲಿದ್ದ ಪೆನ್ನಿನ ಹಿಂಭಾಗವನ್ನು ಅಲ್ಲಿಗೆ ಒತ್ತಿ ಹಿಡಿದು ಕಣ್ಣು ಮುಚ್ಚಿದೆ. ಅಂದರೆ ಬೋರ್ಡು ಹುಟ್ಟಾ ಗಲಾಟೆಯದು. ಯಾರೋ ಅದನ್ನು ಸುಮ್ಮನಿರಿಸಿ ನನಗೆ ಕೊಡುತ್ತಿದ್ದಾರೆ. ಯಾರೋ ಅಂದರೆ ಯಾರು, ಚೀಟಿಯಲ್ಲೇ ಇತ್ತು. ಆದರೆ ಯಾಕೆ? ನನ್ನ ಅರ್ಧ ಪುಟ ಸುಳ್ಳಾಗಲಿ ಅಂತಲೇ? ಇಷ್ಟು ದಿನ ಸಂದಿಯಿಂದ ನಕ್ಕದ್ದು ಅದಕ್ಕೇ?

ಕಣ್ಣು ತೆರೆದಾಗ ಸಂದಿಯಲ್ಲಿ ಪೂರ್ತಿ ಕನ್ನಡಕ ಇತ್ತು.

“ಅದನ್ನ ಆಫ್ ಮಾಡಿ, ಮೇಡಂ. ನಿಮಗೆ ತಲೆ ನೋಯುತ್ತೆ.”

“ನನಗೆ ತಲೆ ನೋಯುತ್ತೆ ಅಂತ ನಿಮಗೆ ಯಾರು ಹೇಳಿದ್ರು?”

“ಯಾರೂ ಹೇಳಿಲ್ಲ.” ಅವನು ಶೆಲ್ಫ್ ಸುತ್ತಿ ನನ್ನ ಮೇಜಿನ ಬಳಿ ಬಂದು ತಾನೇ ಸ್ವಿಚ್ ಆರಿಸಿದ. “ಸದ್ದು ಜಾಸ್ತಿ ಇರೋ ದಿನ ನೀವು ಪೆನ್ನಿನ ಹಿಂಭಾಗದಿಂದ ಇಲ್ಲಿ ಒತ್ಕೋತೀರಿ. ಆಮೇಲೆ ಕಿಟಕಿ ಕಡೆ ತಿರುಗಿ ಕೂತ್ಕೋತೀರಿ. ಮಧ್ಯಾಹ್ನ ಊಟ ಮಾಡಲ್ಲ. ಹನ್ನೊಂದು ಬೋರ್ಡಿಂದ, ಬೋರ್ಡ್ ಕೊಟ್ಟು ತಗೊಳ್ಳೋಕೆ ಬಂದಾಗೆಲ್ಲ ನೋಡ್ತಿದ್ದೀನಿ.”

ತಿಂಗಳಿಗೊಂದು ಬೋರ್ಡು. ಹನ್ನೊಂದು ತಿಂಗಳು.

“ಹನ್ನೊಂದಕ್ಕೂ ಕೈ ಹಾಕಿದ್ರಾ?”

“ಅಯ್ಯೋ ಇಲ್ಲ! ಇದೊಂದಕ್ಕೇ. ಸೋಮವಾರ ಆನ್ ಮಾಡಿದಾಗ ಈ ಸದ್ದು. ಬೆಳಗ್ಗೆ ಇದರ ಮುಂದೆ ನಾಲ್ಕು ಗಂಟೆ ಕೂರೋದು ನೀವು. ದಿನಾ ಸಂಜೆ ಬ್ಯಾಟರಿ ತೆಗೆದು ಹೊಸದಾಗೇ ಮಾಡ್ತಿದ್ದೆ. ಆಮೇಲೆ ಮನಸ್ಸು ತಡೀತಿರ್ಲಿಲ್ಲ. ಬೋರ್ಡಿನ ಸೆಟ್ಟಿಂಗ್ ಪುಟ ತೆಗೆದು ಫ್ಯಾನಿನ ವೇಗ ಒಂದಿಷ್ಟು ಇಳಿಸಿಬಿಡ್ತಿದ್ದೆ. ಮೂರೇ ನಿಮಿಷದ ಕೆಲಸ. ನೀವು ಸದ್ದಿನ ಬಗ್ಗೆ ಬರೀತೀರಿ ಅಂತ...” ಅವನು ನಿಲ್ಲಿಸಿದ. “ಹೊಳೀಲೇ ಇಲ್ಲ. ನಿಮ್ಮ ತಲೆನೋವು ಹೊಳೀತು, ನಿಮ್ಮ ಕೆಲಸ ಹೊಳೀಲಿಲ್ಲ.”

ಇಂಥ ತಪ್ಪು ಜಗತ್ತಿನಲ್ಲಿ ಇನ್ನು ಯಾರು ಮಾಡಿಯಾರು? ಹೂವು ತಂದುಕೊಡುವವರಿದ್ದಾರೆ, ಪತ್ರ ಬರೆಯುವವರಿದ್ದಾರೆ. ಇವನು ಫ್ಯಾನಿನ ವೇಗ ಇಳಿಸಿದ್ದ. ನನಗೆ ಕೋಪ ಬಂತು. ಕೋಪದ ಬೆನ್ನಿಗೇ ಅಳು ಬಂತು, ಅದರ ಹಿಂದೆ ನಗು. ಯಾವುದನ್ನು ಮೊದಲು ಹೊರಗೆ ಬಿಡಬೇಕೋ ತಿಳಿಯದೆ ಮೂರನ್ನೂ ನುಂಗಿದೆ.

“ನಿಮ್ಮಿಂದ ಅಕ್ಕ ಅಂಗಡಿಯಲ್ಲಿ ಕಿವಿ ಮುಚ್ಕೊಂಡು ಕೂತಿದ್ದಾಳೆ. ನನ್ನ ಮಾತು ನಂಬಿ ತಗೊಂಡ್ಲು. ನನ್ನ ಮಾತು, ಗೊತ್ತಾಯ್ತಾ? ಈ ಕೆಲಸದಲ್ಲಿ ನನ್ನ ಹತ್ರ ಇರೋದು ಅದೊಂದೇ.”

ಅವನ ಮುಖ ಬಿಳಿಚಿತು. “ಸಂಪಾದಕರಿಗೆ ನಾನೇ ಹೇಳ್ತೀನಿ.”

“ಹೇಳಿದ್ರೆ ಕೆಳಗೆ ಕಳಿಸ್ತಾರೆ.”

“ಹೇಳದಿದ್ರೆ ನಿಮ್ಮ ನಂಬರ್ ಸುಳ್ಳು ಅಂತಾಗುತ್ತೆ.”

ಅವನು ಹೊರಟ. ‘ಬೇಡ, ನಿಲ್ಲಿ’ ಎನ್ನಬೇಕೆಂದು ಬಾಯಿ ತೆರೆದೆ. ‘ಹೋಗಿ, ಹೇಳಿ’ ಎನ್ನಬೇಕೆಂದೂ ಅನ್ನಿಸಿತು. ಅಷ್ಟರಲ್ಲಿ ಅವನು ಸಂಪಾದಕರ ಕೋಣೆಯ ಬಾಗಿಲು ತಟ್ಟಿಯಾಗಿತ್ತು. ನಾನು ಕೂತು ಮೌನದ ಸಾಲನ್ನು ಹೊಡೆದುಹಾಕಿ ಬರೆದೆ: ‘ಡಬ್ಬದಿಂದ ತೆಗೆದ ಹಾಗೇ ಬಳಸಿದರೆ ಅರವತ್ತೇಳು ಡೆಸಿಬೆಲ್, ಮನೆಗೆ ಇದು ಗಲಾಟೆ. ಬೋರ್ಡಿನ ಸೆಟ್ಟಿಂಗಿನಲ್ಲಿ ಫ್ಯಾನಿನ ವೇಗ ಇಳಿಸಿದರೆ ಮೂವತ್ತೆರಡು. ಮೂರು ನಿಮಿಷದ ಕೆಲಸ. ಬಾರದಿದ್ದರೆ ಬಲ್ಲವರನ್ನು ಕೇಳಿ.’

ಬಲ್ಲವರು ಹೊರಗೆ ಬಂದರು. ಮುಂದಿನ ವಾರದಿಂದ ಅವನು ಪ್ರಿಂಟರ್ ವಿಭಾಗಕ್ಕೆ. ಎರಡೂ ಅರ್ಧ ಪುಟ ಇನ್ನು ನನ್ನದೇ.

“ಬೈದ್ರಾ?” ಎಂದೆ.

“ಇಲ್ಲ. ಯಾಕೆ ಮಾಡ್ದೆ ಅಂತ ಕೇಳಿದ್ರು. ತಲೆನೋವು ಅಂದೆ. ನಿನಗಾ ಅಂದ್ರು. ಅಲ್ಲ ಅಂದೆ. ಪೆನ್ನಿನ ಕ್ಯಾಪ್ ತೆಗೆದು, ಹಾಕಿ, ಹೋಗಪ್ಪಾ ಅಂದ್ರು.” ಅವನು ಬೋರ್ಡಿನ ಕಡೆ ನೋಡುತ್ತ ಹೇಳಿದ: “ನಿಮ್ಮ ಅಕ್ಕನ ಕಂಪ್ಯೂಟರ್ ಸರಿಮಾಡಿ ಕೊಡ್ಲಾ? ಅಷ್ಟಾದ್ರೂ ಮಾಡ್ಬೇಕು.”

ಪುಟ ಹನ್ನೆರಡಕ್ಕೆ ಅಚ್ಚಿಗೆ ಹೋಯಿತು. ನಾವು ಒಂದು ಗಂಟೆಗೆ ಅಂಗಡಿಯಲ್ಲಿದ್ದೆವು.

ಅಕ್ಕ ಅವನನ್ನು ಅಡಿಯಿಂದ ಮುಡಿಯವರೆಗೆ, ಅಂಗಿಗೆ ಅಳತೆ ತೆಗೆಯುವವಳ ಹಾಗೆ ನೋಡಿದಳು. ಕಟ್ಟೆಯ ಮೇಲೆ ಇಬ್ಬರು ಹೆಂಗಸರು ಗುಂಡಿ ಆರಿಸುತ್ತಿದ್ದರು. ಪ್ಯಾಂಟ್ ಗಿಡ್ಡ ಮಾಡಿಸಲು ಬಂದಿದ್ದ ಒಬ್ಬ ಅಜ್ಜ ಪೇಪರ್ ಓದುತ್ತಿದ್ದರು. ಗಿರಣಿಯ ನಡುವೆ ಯಾರ ಮಾತೂ ಯಾರಿಗೂ ಕೇಳುತ್ತಿರಲಿಲ್ಲ.

ಅವನು ಕುರ್ಚಿಯನ್ನು ಎತ್ತಿಟ್ಟು ಕೂತ, ನನಗೊಂದು ಸ್ಟೂಲ್ ಪಕ್ಕಕ್ಕಿಟ್ಟ. ಸೆಟ್ಟಿಂಗ್ ಪುಟ ತೆರೆಯಿತು. “ನೀವೇ ಮಾಡಿ. ಇನ್ನು ಮೇಲೆ ಎರಡು ಕಡೆಯೂ ನೀವೇ ಅಲ್ವಾ,” ಎಂದ, ಗಟ್ಟಿಯಾಗಿ, ನನ್ನ ಕಿವಿಯ ಹತ್ತಿರ.

ಪರದೆಯ ಮೇಲೆ ಫ್ಯಾನಿನ ವೇಗ ಒಂದು ಗೆರೆಯಾಗಿ ಮೇಲೇರುತ್ತಿತ್ತು. ಅವನ ಬೆರಳು ತೋರಿಸಿದಲ್ಲಿ ನಾನು ಮೌಸಿನಿಂದ ಹಿಡಿದು ಗೆರೆಯನ್ನು ಕೆಳಗೆ ಎಳೆದೆ. ಒಂದು ಕಡೆ ಕೈ ತಪ್ಪಿ ಗೆರೆ ಜಿಗಿಯಿತು. ಅವನು ನನ್ನ ಕೈ ಮುಟ್ಟಲಿಲ್ಲ, ಮೌಸಿನ ತಂತಿಯನ್ನು ಮೆಲ್ಲಗೆ ಸರಿಮಾಡಿದ. ಹನ್ನೊಂದು ತಿಂಗಳು ಇದೇ ಮನುಷ್ಯ ಹೀಗೇ, ಮುಟ್ಟದೆ, ಏನೇನು ಸರಿಮಾಡಿದ್ದಾನೋ ಎಂದುಕೊಳ್ಳುತ್ತ ಗೆರೆಯನ್ನು ಮತ್ತೆ ಕೆಳಗೆ ಎಳೆದೆ.

“ಸೇವ್ ಮಾಡಿ,” ಎಂದ. ಒತ್ತಿದೆ. ಕಂಪ್ಯೂಟರ್ ಆರಿ ಮತ್ತೆ ಹೊತ್ತಿಕೊಂಡಿತು. ಹೊತ್ತಿಕೊಂಡ ಕೂಡಲೇ ಫ್ಯಾನು ಮೊದಲಿಗಿಂತಲೂ ಜೋರಾಗಿ ಅಬ್ಬರಿಸಿತು.

“ಏನಿದು, ಕಮ್ಮಿ ಆಗ್ಲೇ ಇಲ್ವಲ್ಲ?” ಎಂದು ಕೂಗಿದೆ.

ಅವನು ಏನೋ ಹೇಳಿದ, ಕೇಳಿಸಲಿಲ್ಲ. ಕನ್ನಡಕ ಜಾರಿತು, ಗಾಜಿಲ್ಲದ ಕಣ್ಣು ನನ್ನ ಮೇಲೆ ಬಿತ್ತು. ಸೋಮವಾರದಿಂದ ಈ ಕಣ್ಣು ಎರಡು ಮಹಡಿ ಕೆಳಗೆ. ಈ ಗದ್ದಲದಲ್ಲಿ ಯಾರಿಗೂ ಕೇಳುವುದಿಲ್ಲ, ಈಗಲ್ಲದಿದ್ದರೆ ಇನ್ನಿಲ್ಲ ಎಂದು ಅದೆಲ್ಲಿಂದ ಧೈರ್ಯ ಬಂತೋ, ಗಂಟಲು ಹರಿಯುವಂತೆ ಕೂಗಿದೆ:

“ಆ ಡಬ್ಬ ತೆಗೆದದ್ದು ಇಲಿ ಅಲ್ಲ! ನಾನು! ನಿಮ್ಮನ್ನ ದಿನಾ ನೋಡ್ಬೇಕು ಅಂತ ನಾನೇ ತೆಗ್ದೆ!”

ಸೆಟ್ಟಿಂಗ್ ಬದಲಾಯಿಸಿ ಸೇವ್ ಮಾಡಿದಾಗ ಮಾತ್ರ, ಹೊತ್ತಿಕೊಂಡ ಮೇಲೆ ಆರು ಸೆಕೆಂಡ್ ಅಬ್ಬರಿಸಿ ಆಮೇಲೆ ತಣ್ಣಗಾಗುವುದು ಈ ಬೋರ್ಡಿನ ಗುಣ. ಬಲ್ಲವರಿಗೆ ಅದು ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ‘ಇಲಿ ಅಲ್ಲ’ ಎನ್ನುವಾಗ ಫ್ಯಾನು ಇಳಿಯಲು ಶುರುವಾಗಿತ್ತು. ‘ನಿಮ್ಮನ್ನ ದಿನಾ ನೋಡ್ಬೇಕು’ ಎಂಬುದು ಪೂರ್ತಿ ಮೌನದಲ್ಲಿ, ಸ್ಪಷ್ಟವಾಗಿ, ಅಂಗಡಿಯ ಮೂಲೆ ಮೂಲೆಗೂ ತಲುಪಿತು.

ಹೆಂಗಸರ ಕೈಯಲ್ಲಿದ್ದ ಗುಂಡಿಗಳು ಉದುರಿದವು. ಅಜ್ಜ ಪೇಪರ್ ಕೆಳಗಿಳಿಸಿದರು. ಅಕ್ಕ ಬಾಯಿಂದ ಗುಂಡುಪಿನ್ನು ತೆಗೆದು, “ಈಗ ಚೆನ್ನಾಗಿ ಕೇಳಿಸ್ತು ನೋಡು,” ಎಂದಳು.

ಭೂಮಿ ಬಾಯಿ ಬಿಟ್ಟು ನುಂಗಬಾರದೇ ಅನ್ನಿಸಿತು. ತಲೆ ತಗ್ಗಿಸಿ ಕೀಬೋರ್ಡಿನ ಅಕ್ಷರ ಎಣಿಸತೊಡಗಿದೆ. ಅವನು, ಆ ಮೌನದಲ್ಲಿ ಎಲ್ಲರಿಗೂ ಕೇಳಿಸುತ್ತದೆಂದು ಗೊತ್ತಿದ್ದೂ, ಮೆಲ್ಲಗೆ ಹೇಳಿದ:

“ನಾನೂ ಇನ್ನೊಂದು ಡಬ್ಬ ತೆಗೀಬೇಕು ಅಂತ ಎಷ್ಟು ದಿನದಿಂದ ಅಂದ್ಕೋತಿದ್ದೆ. ಶೆಲ್ಫ್ ಪೂರ್ತಿ ನಿಮ್ಮ ಮೇಲೆ ಬಿದ್ರೆ ಅಂತ ಭಯ ಆಯ್ತು.”

“ಮತ್ತೆ ಈಗ? ನೀವು ಕೆಳಗೆ, ನಾನು ಮೇಲೆ.”

“ಊಟ ಒಂದೂವರೆಗೆ. ಮೆಟ್ಟಿಲು ನಲವತ್ತೆರಡು, ಎಣಿಸಿದ್ದೀನಿ. ನಾನೇ ಹತ್ತಿ ಬರ್ತೀನಿ.” ಅವನು ಕನ್ನಡಕ ಎತ್ತಿಕೊಳ್ಳಲಿಲ್ಲ. “ಬರ್ಲಾ?”

ಇಡೀ ವಾರದಲ್ಲಿ ನನಗೆ ಗೊಂದಲವಿಲ್ಲದೆ ಉತ್ತರ ಗೊತ್ತಿದ್ದ ಪ್ರಶ್ನೆ ಅದೊಂದೇ. ತಲೆಯಾಡಿಸಿದೆ. ಅಜ್ಜ ತಮ್ಮ ಪ್ಯಾಂಟಿನ ವಿಷಯ ಮರೆತು, “ಹೂಂ ಅಂದ್ಳು ಕಣಪ್ಪಾ, ನಾನು ನೋಡ್ದೆ,” ಎಂದರು.

ಅಕ್ಕ ಅವನ ಹೆಗಲಿಗೆ ಟೇಪ್ ಹಿಡಿದಳು. “ಅಳತೆ ತಗೊಂಡಿರ್ತೀನಿ, ಮುಂದೆ ಬೇಕಾಗುತ್ತೆ,” ಎಂದು ನಂಬರನ್ನು ಮೆತ್ತಗೆ ಹೇಳಿದಳು. ನಾನು ಬರೆದುಕೊಂಡೆ.